ಯಾರೂ ಚೆಲ್ಲದ ಎಣ್ಣೆ

ನಾನು ಪದವೀಧರೆಯಾಗುವುದು ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಚಿಕ್ಕಣ್ಣ. ಮೈಸೂರಿನಲ್ಲಿ ನಮ್ಮ ತಂದೆಯದು ಸೌದೆ ಡಿಪೋ. ನಾನು ಪಿಯುಸಿ ಫೇಲಾದ ದಿನ ಮಾವ ತಕ್ಕಡಿಯ ಪಕ್ಕದ ಬೆಂಚಿನ ಮೇಲೆ ಕೂತು, "ಸೌದೆ ಡಿಪೋ ಮನೇಲಿ ಡಿಗ್ರಿ ಹುಟ್ಟಿದ್ದು ಯಾರಾದ್ರೂ ಕಂಡಿದ್ದೀರಾ? ಸುಮ್ನೆ ಗಂಡು ನೋಡಿ ಭಾವ" ಎಂದರು. ಎರಡನೆಯವರು, ನಾನು ಮದುವೆಯಾಗಿ ಅಮೆರಿಕಕ್ಕೆ ಬಂದ ಮೇಲೆ, ಇಲಿನಾಯ್‌ನ ಓಕ್ ಬ್ರೂಕ್‌ನಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಡೇಲ್. ಅವರು ಮಾವನಷ್ಟು ಒರಟಾಗಿ ಹೇಳಲಿಲ್ಲ. ತಾವು ತಿನ್ನುತ್ತಿದ್ದ ಸ್ಯಾಂಡ್‌ವಿಚ್ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಮರ್ಯಾದೆಯಾಗಿಯೇ ಹೇಳಿದರು: "ಸರಳಾ, ಇಲ್ಲಿ ಫೋನ್ ಮಾಡುವವರು ಫೋನ್ ಮಾಡುತ್ತಾರೆ, ಡಿಗ್ರಿ ಇರುವವರು ವರದಿ ಬರೆಯುತ್ತಾರೆ. ಆ ಕುರ್ಚಿಯಿಂದ ಈ ಕುರ್ಚಿಗೆ ಯಾರೂ ಬಂದಿಲ್ಲ."

ನಾನು ನಿವೃತ್ತಳಾಗಿ ಒಂದು ವರ್ಷವಾಯಿತು. ನಮ್ಮ ಕಚೇರಿಯ ಕೆಲಸ ಇಷ್ಟು: ಜನ ಮನೆಯಲ್ಲಿ ಏನನ್ನು ಉರಿಸುತ್ತಾರೆ, ಅದನ್ನೇ ಯಾಕೆ ಉರಿಸುತ್ತಾರೆ, ಯಾವಾಗ ಬದಲಾಯಿಸುತ್ತಾರೆ ಎಂದು ವಿಚಾರಿಸಿ, ಆ ಮಾಹಿತಿಯನ್ನು ಪ್ರೊಪೇನ್ ಗ್ಯಾಸ್ ಮಾರುವವರಿಗೆ, ಮರದ ಪುಡಿ ಒತ್ತಿ ಪೆಲೆಟ್ ಎಂಬ ಉರುವಲು ಗುಳಿಗೆ ಮಾಡುವವರಿಗೆ, ಅಡುಗೆ ಎಣ್ಣೆಯಿಂದ ಬಯೋಡೀಸೆಲ್ ತೆಗೆಯುವವರಿಗೆ ಕೊಡುವುದು. ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಲ್ಲಿ ನಮ್ಮವರ ಮಕ್ಕಳೂ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ. ಕನ್ನಡ ಓದಲು ಬಾರದವರಿಗೆ ಅವರ ಅಮ್ಮಂದಿರು ಓದಿ ಹೇಳಲಿ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಕೋಣೆ ಕೊಟ್ಟರು ಎಂಬುದರಿಂದ ನಿಮಗೆ ಉಪಯೋಗವಿಲ್ಲ. ಪದವಿಯ ಕಥೆ ಮಾತ್ರ ಹೇಳಬೇಕು, ಏಕೆಂದರೆ ಅದು ಈ ಕೆಲಸದ ಒಳಗೇ ಸಿಕ್ಕಿಕೊಂಡಿತ್ತು. ಕೆಲಸಕ್ಕೆ ಸಂಬಂಧಪಟ್ಟ ವಿಷಯ ಓದುವವರಿಗೆ ಕಚೇರಿಯೇ ಫೀಸು ಕೊಡುತ್ತಿತ್ತು. ಮಗಳು ಅನು ಮಿಡಲ್ ಸ್ಕೂಲಿಗೆ ಹೋಗುವಾಗ ನಾನು ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗೆ ಸೇರಿದೆ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ದಾಟಿಕೊಂಡೆ. ಅವಳು ಕಾಲೇಜು ಸೇರಿದರೂ ನನ್ನದು ಮುಗಿದಿರಲಿಲ್ಲ. ನನ್ನ ಗಂಡ ನಾಗರಾಜು ಡಿಪ್ಲೊಮಾ ಓದಿದವರು, ನಕ್ಷೆ ಬರೆಯುವ ಡ್ರಾಫ್ಟಿಂಗ್ ಕೆಲಸದಲ್ಲಿದ್ದರು. ಹಾಗಾಗಿ ಮನೆಯಲ್ಲಿ ಮೊದಲ ಡಿಗ್ರಿ ಯಾರದು ಎಂದು ತಾಯಿ ಮಗಳಿಗೆ ಪಂದ್ಯ. ಕೊನೆಗೆ ನನ್ನ ಅರ್ಥಶಾಸ್ತ್ರದ ಪದವಿಗೆ ಉಳಿದದ್ದು ಒಂದೇ ಪ್ರಬಂಧ. ಅದು ಕೆಟ್ಟರೆ ಅಷ್ಟು ವರ್ಷದ ಸಂಜೆಗಳೂ ಕೆಟ್ಟಂತೆ. ಹೆಚ್ಚುಕಡಿಮೆ ಕೆಟ್ಟೇ ಹೋಗಿತ್ತು.

ಅದಕ್ಕೆ ಬರುವ ಮೊದಲು ಫೋನಿನ ದಿನಗಳ ಮಾತು. ಕಿವಿಗೆ ಹೆಡ್‌ಸೆಟ್, ಎದುರಿಗೆ ಪರದೆ, ಪರದೆಯ ಮೇಲೆ ಪ್ರಶ್ನೆ: "ನಿಮ್ಮ ಮನೆಯನ್ನು ಮುಖ್ಯವಾಗಿ ಯಾವ ಇಂಧನದಿಂದ ಬಿಸಿ ಮಾಡುತ್ತೀರಿ?" ಮಿಶಿಗನ್‌ನ ಹಳ್ಳಿಯ ಕಡೆಯ ಒಬ್ಬ ಅಜ್ಜಿ "ಪ್ರೊಪೇನ್" ಎಂದರು. ಹಾಗೇ ಒತ್ತಿದೆ. ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ, "ಸ್ವಲ್ಪ ಇರಮ್ಮ, ಒಲೆಗೆ ಸೌದೆ ಹಾಕಿ ಬರ್ತೀನಿ" ಎಂದು ಎದ್ದು ಹೋದರು. ಬಂದ ಮೇಲೆ ಕೇಳಿದೆ, ಸೌದೆ ಯಾವಾಗ ಉರಿಸುತ್ತೀರಿ ಎಂದು.

"ದಿನಾ."

"ಹಾಗಾದರೆ ಪ್ರೊಪೇನ್?"

"ಅದಕ್ಕೆ ಬಿಲ್ಲು ಬರುತ್ತೆ. ಸೌದೆ ಮಗ ತಂದು ಹಾಕ್ತಾನೆ."

ಬಿಲ್ಲು ಬರುವುದಷ್ಟೇ ಜನರ ಲೆಕ್ಕದಲ್ಲಿ ಇಂಧನ. ಮಗ ಕಡಿದು ತಂದದ್ದು ಮಗನ ಕೆಲಸ. ಪ್ರಶ್ನೆ ಬದಲಾಯಿಸೋಣ ಎಂದು ಡೇಲ್‌ಗೆ ಹೇಳಿದರೆ, "ಪ್ರಶ್ನೆ ಬದಲಾದರೆ ಹೋದ ವರ್ಷದ ಉತ್ತರದ ಪಕ್ಕ ಈ ವರ್ಷದ್ದನ್ನು ಇಟ್ಟು ನೋಡೋದು ಹೇಗೆ?" ಎಂದರು. ಆಗ ನನಗೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರ ಮಾತೂ ಸರಿ, ನನ್ನದೂ ಸರಿ. ಈ ಕೆಲಸದಲ್ಲಿ ಆ ಜಗಳ ಎಂದಿಗೂ ಮುಗಿಯುವುದಿಲ್ಲ, ಮುಗಿಯಲೂಬಾರದು.

ಬಡವರಿಗೆ ಯಾವ ಇಂಧನ ಅಗ್ಗ ಎಂಬುದೇ ಗೊತ್ತಿಲ್ಲ ಎಂದು ನಮ್ಮ ಕಚೇರಿಯ ಹುಡುಗರು ಆಗಾಗ ಬರೆಯುತ್ತಿದ್ದರು. ನಾನು ಡಿಪೋದಲ್ಲಿ ಬೆಳೆದವಳು. ಅನುಕೂಲಸ್ಥರು ಬೇಸಿಗೆಯಲ್ಲಿ ಗಾಡಿಗಟ್ಟಲೆ ಒಣ ಸೌದೆ ಹಾಕಿಸಿಕೊಳ್ಳುತ್ತಿದ್ದರು. ಇಲ್ಲದವರು ಮಳೆಗಾಲದಲ್ಲಿ ಅಂದಂದಿನ ಹೊರೆ ಅಂದಂದೇ ಕೊಳ್ಳುತ್ತಿದ್ದರು. ಅದು ಹಸಿ, ಆದರೂ ಬೆಲೆ ಹೆಚ್ಚು. ಮಿಶಿಗನ್‌ನಲ್ಲಿ ನೋಡಿದರೆ ಅದೇ ಡಿಪೋ. ಬೇಸಿಗೆಯಲ್ಲಿ ಮುಂಗಡ ಕಟ್ಟಿದವರಿಗೆ ಪ್ರೊಪೇನ್ ಅಗ್ಗ. ಜನವರಿಯಲ್ಲಿ ಟ್ಯಾಂಕ್ ಬರಿದಾದ ಮೇಲೆ ಫೋನ್ ಮಾಡುವವರಿಗೆ ದುಬಾರಿ, ಅದರ ಮೇಲೆ ಕನಿಷ್ಠ ಇಷ್ಟು ಗ್ಯಾಲನ್ ತೆಗೆದುಕೊಳ್ಳಲೇಬೇಕು ಎಂಬ ನಿಯಮ. ಅಷ್ಟು ದುಡ್ಡು ಕೈಯಲ್ಲಿಲ್ಲದವರು ಅಂಗಡಿಯಿಂದ ಒಂದು ಕರೆಂಟ್ ಹೀಟರ್ ತಂದು ಒಂದೇ ಕೋಣೆ ಬಿಸಿ ಮಾಡಿಕೊಳ್ಳುತ್ತಾರೆ. ಅದು ದುಬಾರಿ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಆದರೆ ಕರೆಂಟ್ ಬಿಲ್ಲು ಬರುವುದು ತಿಂಗಳ ಕೊನೆಗೆ, ಪ್ರೊಪೇನ್ ಲಾರಿಯವನು ದುಡ್ಡು ಕೇಳುವುದು ಬಾಗಿಲಲ್ಲಿ ನಿಂತು. ಬೆಲೆಯನ್ನು ಕೇಳುವ ಮೊದಲು, ಎಷ್ಟು ಸಣ್ಣ ಅಳತೆಯಲ್ಲಿ ಕೊಳ್ಳಬಹುದು ಎಂದು ಕೇಳಿ.

ಪೆಲೆಟ್ ಒಲೆಯ ವರ್ಷ ಡೇಲ್ ಕೂಡ ಒಂದು ಪಾಠ ಕಲಿತರು. ಒಂದು ಚಳಿಗಾಲ ಪ್ರೊಪೇನ್ ಬೆಲೆ ಇದ್ದಕ್ಕಿದ್ದಂತೆ ಏರಿತು. ಜನ ಮುಗಿಬಿದ್ದು ಪೆಲೆಟ್ ಒಲೆ ಕೊಂಡರು. ಇನ್ನು ಮುಂದೆ ಪೆಲೆಟ್ ಕಾಲ ಎಂದು ನಾವು ವರದಿ ಬರೆದೆವು. ಮುಂದಿನ ವರ್ಷ ಪ್ರೊಪೇನ್ ಇಳಿಯಿತು, ಹತ್ತಿರದ ಅಂಗಡಿಗಳಲ್ಲಿ ಪೆಲೆಟ್ ಸಿಗಲಿಲ್ಲ. ಖುದ್ದಾಗಿ ಮನೆಗಳನ್ನು ನೋಡಿ ಬಾ ಎಂದು ನನ್ನನ್ನು ಮೊದಲ ಬಾರಿ ಕಳಿಸಿದ್ದು ಆಗಲೇ. ಒಂದು ಮನೆಯಲ್ಲಿ ಆ ಹೊಸ ಒಲೆಯ ಮೇಲೆ ಹೂಕುಂಡ ಕೂತಿತ್ತು. ಮನೆಯ ಯಜಮಾನ ಅದನ್ನು ತೋರಿಸಿ, "ಈ ಕೌಂಟಿಯಲ್ಲೇ ಇದಕ್ಕಿಂತ ದುಬಾರಿ ಹೂಕುಂಡದ ಸ್ಟ್ಯಾಂಡ್ ಇಲ್ಲ" ಎಂದ. ನಮ್ಮ ಕಡತದಲ್ಲಿ ಆ ಮನೆ ಪೆಲೆಟ್ ಉರಿಸುವ ಮನೆ.

ಡೇಲ್ ನನ್ನ ಮೇಜಿನ ಹತ್ತಿರ ಬಂದು, "ಆ ಹೂಕುಂಡದ ಮಾತನ್ನು ಇನ್ನೊಂದು ಸಲ ಹೇಳು" ಎಂದು ಕೇಳಿದರು. ಮರುವಾರವೇ ಫಾರ್ಮಿನಲ್ಲಿ ಹೊಸ ಪ್ರಶ್ನೆ ಬಂತು: "ಹೋದ ವಾರ ಈ ಒಲೆ ಹಚ್ಚಿದ್ದಿರಾ?" ಹೊರಗಡೆ ಕೆಲಸ ನನಗೆ ಕಾಯಂ ಆಯಿತು. ಡೇಲ್ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ತಾವು ಹೇಳಿದ್ದು ಸುಳ್ಳಾಯಿತು ಎಂದು ಬಾಯಿಬಿಟ್ಟು ಒಪ್ಪುತ್ತಿರಲಿಲ್ಲ, ಆದರೆ ಫಾರ್ಮು ತಿದ್ದುತ್ತಿದ್ದರು. ಬಾಯಲ್ಲಿ ಒಪ್ಪಿ ಫಾರ್ಮು ತಿದ್ದದ ಮೇಲಧಿಕಾರಿಗಳನ್ನು ಆಮೇಲೆ ಬೇಕಾದಷ್ಟು ಕಂಡೆ.

ಹೊರಗೆ ಹೋಗುವವರಿಗೆ ಒಂದು ಎಚ್ಚರಿಕೆ. ಮಿಶಿಗನ್ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. ಮೊದಲ ಸಲ ಐ-94 ಹೆದ್ದಾರಿಯಲ್ಲಿ ಡ್ರೈವ್ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಬಂದೆ ಎಂದು ಹೆಮ್ಮೆಯಿಂದ ಬೆಲ್ ಒತ್ತಿದೆ. ಬಾಗಿಲು ತೆರೆದ ಹೆಂಗಸು ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಳು.

ನನ್ನನ್ನು ಮಿಶಿಗನ್‌ನ ಟ್ರಾಯ್ ಎಂಬ ಊರಿಗೆ ಕಳಿಸಲು ಕಾರಣವಾದದ್ದು ನಮ್ಮ ಅತ್ತೆಯ ಬಾಣಲೆ. ಗಂಡನ ತಂದೆ ತೀರಿಕೊಂಡ ಮೇಲೆ ಅತ್ತೆ ವುಡ್‌ರಿಡ್ಜ್‌ನಲ್ಲಿ ನಮ್ಮ ಜೊತೆಗೇ ಇದ್ದರು. ನಮ್ಮ ಟೌನ್‌ಹೌಸಿನಲ್ಲಿ ಮನೆ ಬಿಸಿ ಮಾಡುವ ಫರ್ನೇಸಿಗೆ ಗ್ಯಾಸು, ಅಡುಗೆಗೆ ಕರೆಂಟಿನ ಸುರುಳಿ ಒಲೆ. ಅತ್ತೆ ಅದನ್ನು ಒಲೆ ಎಂದು ಒಪ್ಪಲೇ ಇಲ್ಲ. "ಇದು ಒಲೆ ಅಲ್ಲ ಕಣೇ, ಇಸ್ತ್ರಿ ಪೆಟ್ಟಿಗೆ" ಎನ್ನುತ್ತಿದ್ದರು. ಕರಿಯುವುದೆಲ್ಲ ಗ್ಯಾರೇಜಿನಲ್ಲಿ, ದೊಡ್ಡ ಬಾಗಿಲು ಪೂರ್ತಿ ಎತ್ತಿ, ಡ್ರೈವ್‌ವೇ ಅಂಚಿಗೆ ಪ್ರೊಪೇನ್ ಬರ್ನರ್ ಇಟ್ಟು, ಸೀರೆಯ ಮೇಲೆ ನಾಗರಾಜು ಅವರ ಜಾಕೆಟ್ ಹಾಕಿಕೊಂಡು. ನಮ್ಮ ಬಡಾವಣೆಯಲ್ಲಿ ಹಾಗೆ ಮಾಡುವವರು ಅವರೊಬ್ಬರೇ ಅಲ್ಲ.

ಒಂದು ಪ್ರೊಪೇನ್ ಕಂಪನಿಯವರು ನಮ್ಮನ್ನು ಕೇಳಿದರು: ನಮ್ಮದೇ ಡೂಪೇಜ್ ಕೌಂಟಿಯ ಕೆಲವು ಅಂಗಡಿಗಳಲ್ಲಿ ಚಳಿ ಶುರುವಾಗುವಾಗ ಬಾರ್ಬೆಕ್ಯೂ ಸಿಲಿಂಡರ್ ಮಾರಾಟ ಏರುತ್ತದೆ, ಯಾಕೆ? ಫುಟ್‌ಬಾಲ್ ಸೀಸನ್, ಜನ ಮಾಂಸ ಸುಡುತ್ತಾರೆ ಎಂದು ನಮ್ಮ ಹುಡುಗರು ಉತ್ತರ ಸಿದ್ಧ ಮಾಡಿದ್ದರು. ನಾನು ಬಾಯಿ ಹಾಕಿದೆ.

"ದೀಪಾವಳಿ, ಡೇಲ್. ಗ್ಯಾರೇಜಿನಲ್ಲಿ ಚಕ್ಕುಲಿ ಕರಿಯುತ್ತಿದ್ದಾರೆ."

"ಎಷ್ಟು ಮನೆಗಳಲ್ಲಿ?"

"ಕಾರಿನ ಗಾಜು ಇಳಿಸಿ ಓಡಾಡಿದರೆ ಮೂಗೇ ಹೇಳುತ್ತೆ."

ಡೇಲ್ ನಗದವರು, ಅವತ್ತು ನಕ್ಕರು. ಅದಾದ ಮೇಲೆ ಡೆಟ್ರಾಯ್ಟ್ ಹತ್ತಿರದ ಒಂದು ಸಣ್ಣ ಬಯೋಡೀಸೆಲ್ ಕಾರ್ಖಾನೆಯ ಕೆಲಸ ಬಂದಾಗ, "ಇದು ಸರಳಾಗೆ" ಎಂದುಬಿಟ್ಟರು. ನನ್ನ ಕೊನೆಯ ಪ್ರಬಂಧಕ್ಕೆ ಅದೇ ಮಾಹಿತಿ ಬಳಸಿಕೊಳ್ಳಲೂ ಒಪ್ಪಿದರು. ಕಾರ್ಖಾನೆಯ ಮ್ಯಾನೇಜರ್ ಹೆಸರು ವಾಲ್ಟ್. ಎತ್ತರದ ಮನುಷ್ಯ, ಬಾಯಿ ಜೋರು.

ಬಯೋಡೀಸೆಲ್ ಪೇಟೆ ಮೂರು ಕಲ್ಲಿನ ಒಲೆ. ಒಂದು ಕಲ್ಲು ಡೀಸೆಲ್ ಬೆಲೆ, ಇನ್ನೊಂದು ಎಣ್ಣೆಯ ಬೆಲೆ, ಮೂರನೆಯದು ಸರ್ಕಾರದ ರಿಯಾಯಿತಿ. ಯಾವುದು ಜರುಗಿದರೂ ಗಡಿಗೆ ಮಗುಚುತ್ತದೆ. ಸೋಯಾ ಎಣ್ಣೆ ಕೊಂಡು ಡೀಸೆಲ್ ಮಾಡಿದರೆ ಎಷ್ಟೋ ಸಲ ಮಾಡಿದ್ದಕ್ಕಿಂತ ಕೊಂಡದ್ದೇ ದುಬಾರಿ. ಅದಕ್ಕೇ ಎಲ್ಲರಿಗೂ ಹೋಟೆಲಿನಲ್ಲಿ ಕರಿದು ಬಿಟ್ಟ ಎಣ್ಣೆ ಬೇಕು. ಪೇಟೆ ಚೆನ್ನಾಗಿದ್ದಾಗ ಹೋಟೆಲ್ ಹಿಂದಿನ ಡ್ರಮ್ಮುಗಳಿಂದ ಎಣ್ಣೆ ಕದಿಯುವವರೂ ಇರುತ್ತಾರೆ. ಪೇಟೆ ಬಿದ್ದಾಗ ಅದೇ ಡ್ರಮ್ಮು ಒಯ್ಯಲು ಹೋಟೆಲಿನವನೇ ದುಡ್ಡು ಕೊಡಬೇಕು. ದೊಡ್ಡ ಕಂಪನಿಗಳ ಜೊತೆ ಆ ಡ್ರಮ್ಮುಗಳಿಗೆ ಪೈಪೋಟಿ ಮಾಡಲಾರದೆ ವಾಲ್ಟ್ ಮನೆಗಳ ಕಡೆ ನೋಡಿದರು. ಟ್ರಾಯ್ ಸುತ್ತ ಭಾರತೀಯರ ಮನೆಗಳು ಬೇಕಾದಷ್ಟು. ಇಂಡಿಯನ್ ಅಂಗಡಿಗಳಲ್ಲಿ ಎಣ್ಣೆ ದೊಡ್ಡ ದೊಡ್ಡ ಡಬ್ಬಗಳಲ್ಲಿ ಖರ್ಚಾಗುವುದನ್ನು ಅವರು ಕಣ್ಣಾರೆ ನೋಡಿದ್ದರು. ಅಷ್ಟು ಎಣ್ಣೆ ಕರಿದ ಮೇಲೆ ಎಲ್ಲಿಗೆ ಹೋಗುತ್ತದೆ? ಅದು ಅವರ ಪ್ರಶ್ನೆ.

ಫಾರ್ಮು ಹಿಡಿದು ಮನೆ ಮನೆಗೆ ಹೋದೆ. ಎಲ್ಲರದೂ ಒಂದೇ ಉತ್ತರ.

"ಒಂದ್ಸಲ ಕರಿದ ಎಣ್ಣೆ ನಾವು ಮತ್ತೆ ಮುಟ್ಟೋದೇ ಇಲ್ಲ ಆಂಟಿ. ಹೆಲ್ತ್‌ಗೆ ಒಳ್ಳೇದಲ್ಲ."

"ತಣ್ಣಗಾದ ಮೇಲೆ ಡಬ್ಬಕ್ಕೆ ಹಾಕಿ ಟ್ರ್ಯಾಶ್‌ಗೆ ಎಸೀತೀವಿ."

"ಊರಲ್ಲಿ ಮಾಡ್ತಿದ್ರು ಅದೆಲ್ಲ. ಇಲ್ಲಿ ಯಾರು ಮಾಡ್ತಾರೆ?"

ನಾನು ನಂಬಿದೆ. ಯಾಕೆ ನಂಬಿದೆ ಎಂಬುದು ಮುಖ್ಯ. ಡಿಪೋ ಮನೆಯಲ್ಲಿ ನಮ್ಮಮ್ಮ ಕರಿದೆಣ್ಣೆಯನ್ನು ಸೋಸಿ ಹಿತ್ತಾಳೆ ಗಿಂಡಿಯಲ್ಲಿಟ್ಟು, ಅದು ಮುಗಿಯುವವರೆಗೆ ಅದರಲ್ಲೇ ಒಗ್ಗರಣೆ ಹಾಕುತ್ತಿದ್ದರು. ವುಡ್‌ರಿಡ್ಜ್‌ನಲ್ಲಿ ಅತ್ತೆಯೂ ಅದನ್ನೇ ಮಾಡುತ್ತಿದ್ದರು. ಅದು ನಮ್ಮಂಥ ಇಲ್ಲದ ಮನೆಯಿಂದ ಬಂದವರ ಅಭ್ಯಾಸ, ಓದಿದ ಮನೆಗಳಲ್ಲಿ ಧಾರಾಳವಾಗಿ ಚೆಲ್ಲುತ್ತಾರೆ ಎಂದೇ ನನ್ನ ಕಲ್ಪನೆ. ಟ್ರಾಯ್‌ನ ಡಾಕ್ಟರು, ಎಂಜಿನಿಯರುಗಳ ಮನೆಯಲ್ಲಿ ಕೂತು ಆ ಉತ್ತರ ಕೇಳಿದಾಗ, ಹೌದು, ಓದಿದವರೆಂದರೆ ಹೀಗೇ ಎಂದುಕೊಂಡೆ.

ವರದಿ ಹೋಯಿತು. ವಾಲ್ಟ್ ಒಂದು ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಒಂದು ಡ್ರಮ್ಮು, ಅಂಗಡಿಗಳ ಹಿಂದೆ ಕೆಲವು ಡ್ರಮ್ಮು ಇಡಿಸಿದರು. ದೀಪಾವಳಿ ಬಂತು, ಹೋಯಿತು. ವಾಲ್ಟ್ ಫೋನ್ ಮಾಡಿದರು.

"ಅಂಗಡಿ ಡ್ರಮ್ಮುಗಳು ತೊಳೆದಿಟ್ಟ ಹಾಗಿವೆ. ದೇವಸ್ಥಾನದ್ದು ತುಂಬಿದೆ. ಆದರೆ ಅದು ಎಣ್ಣೆಯಲ್ಲ."

"ಮತ್ತೇನು?"

"ಮೇಣದಬತ್ತಿ. ಐವತ್ತೈದು ಗ್ಯಾಲನ್ನಿನ ಒಂದೇ ಮೇಣದಬತ್ತಿ. ಸುತ್ತಿಗೆಯಲ್ಲಿ ಹೊಡೆದರೂ ಬರುತ್ತಿಲ್ಲ. ಒಳಗೆ ಹತ್ತಿಯ ಬತ್ತಿಗಳೂ ಇವೆ. ನಾನು ಇದನ್ನು ಲಾರಿಗೆ ಹಾಕಬೇಕೋ, ಹಚ್ಚಿ ಕೈ ಮುಗಿಯಬೇಕೋ ಹೇಳಿ."

ದೀಪಗಳಲ್ಲಿ ಉಳಿದ ತುಪ್ಪ, ಕೊಬ್ಬರಿ ಎಣ್ಣೆ ಎಲ್ಲವನ್ನೂ ಸ್ವಯಂಸೇವಕರು ಭಕ್ತಿಯಿಂದ ತಂದು ಸುರಿದಿದ್ದರು. ಮಿಶಿಗನ್ ಚಳಿಗೆ ಅದು ಕಲ್ಲಾಗಿತ್ತು. ಮನೆಗಳಿಂದ ಒಂದು ಬಾಟಲಿಯೂ ಬಂದಿರಲಿಲ್ಲ.

ನನ್ನ ಪ್ರಬಂಧ ಅದೇ ಮಾಹಿತಿಯ ಮೇಲೆ ನಿಂತಿತ್ತು. ಪ್ರೊಫೆಸರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಪೂರ್ತಿ ಕೇಳಿಸಿಕೊಂಡು, "ನಿಮ್ಮ ಅಂಕಿ ಎಲ್ಲರೂ ಚೆಲ್ಲುತ್ತಾರೆ ಅನ್ನುತ್ತೆ, ಡ್ರಮ್ಮು ಯಾರೂ ಚೆಲ್ಲುವುದಿಲ್ಲ ಅನ್ನುತ್ತೆ. ಎರಡರಲ್ಲಿ ಒಂದು ಸುಳ್ಳು. ಯಾವುದು, ಯಾಕೆ ಅಂತ ಬರೆದುಕೊಂಡು ಬನ್ನಿ. ಹೀಗೇ ಕೊಟ್ಟರೆ ನಾನು ಪಾಸು ಮಾಡಲಾರೆ" ಎಂದರು. ಒಂದು ಸೆಮಿಸ್ಟರ್ ಸಮಯ ಕೊಟ್ಟರು. ಅನು ಫೋನಿನಲ್ಲಿ, "ಅಮ್ಮಾ, ಜಸ್ಟ್ ಪಿಕ್ ಅನದರ್ ಟಾಪಿಕ್" ಎಂದಳು. ಅವಳ ವಯಸ್ಸಿಗೆ ಇನ್ನೊಂದು ವಿಷಯ ಆರಿಸಿಕೊಳ್ಳುವುದು ಸುಲಭ. ನನಗೆ ಮತ್ತೆ ಮೊದಲಿಂದ ಶುರು ಮಾಡುವ ಕಸುವು ಇರಲಿಲ್ಲ.

ಮತ್ತೆ ಟ್ರಾಯ್‌ಗೆ ಹೋದೆ. ಗಾಯತ್ರಿ ಎಂಬ ಬೆಂಗಳೂರಿನವರ ಮನೆ. ಅವರ ಯಜಮಾನರು ಹೃದಯದ ಡಾಕ್ಟರು. ಈ ಸಲವೂ ಆಕೆ ಅದೇ ಉತ್ತರ ಕೊಟ್ಟರು. ಚೆಲ್ಲುತ್ತೀವಿ. ಮಧ್ಯಾಹ್ನವಾಗಿತ್ತು, ಊಟ ಮಾಡಿಕೊಂಡೇ ಹೋಗಬೇಕು ಎಂದು ಕೂರಿಸಿದರು. ಬಿಸಿ ಅನ್ನದ ಮೇಲೆ ಹುಳಿ ಬಡಿಸಿದರು. ಮೊದಲ ತುತ್ತಿಗೇ ಕೈ ನಿಲ್ಲಿಸಿದೆ. ಒಗ್ಗರಣೆಯಲ್ಲಿ ಸಾಸಿವೆ, ಇಂಗು, ಕರಿಬೇವು, ಅದರ ಹಿಂದೆ ಸಣ್ಣಗೆ ಓಮ, ಎಳ್ಳು, ಕರಿದ ಹಿಟ್ಟಿನ ಘಮ. ಹುಳಿಗೆ ಯಾರೂ ಓಮ ಹಾಕುವುದಿಲ್ಲ. ಅದು ಚಕ್ಕುಲಿ ಕರಿದ ಎಣ್ಣೆ. ನಮ್ಮ ಮನೆಯಲ್ಲಿ ಹಬ್ಬ ಕಳೆದ ಮೇಲೆ ವಾರಗಟ್ಟಲೆ ಹುಳಿ ಹಾಗೇ ಘಮಘಮಿಸುತ್ತಿತ್ತು.

"ಗಾಯತ್ರಿ, ತಪ್ಪು ತಿಳೀಬೇಡಿ. ಒಗ್ಗರಣೆಗೆ ಯಾವ ಎಣ್ಣೆ ಹಾಕಿದಿರಿ?"

ಆಕೆ ಸೌಟು ಹಿಡಿದುಕೊಂಡೇ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸಿಂಕಿನ ಕೆಳಗಿನ ಬಾಗಿಲು ತೆರೆದು, ಡಿಶ್‌ವಾಷರ್ ಸೋಪಿನ ಹಿಂದಿನಿಂದ ಒಂದು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

"ಯಾರಿಗೂ ಹೇಳ್ಬೇಡಿ ಸರಳಾ ಅವರೇ. ನಮ್ಮನೆಯವರು ಪೇಷೆಂಟ್ಸ್‌ಗೆಲ್ಲ ಇದನ್ನ ಮುಟ್ಟಬೇಡಿ ಅಂತ ಹೇಳ್ತಾರೆ. ಮನೇಲಿ ಹುಳಿ ಇನ್ನೊಂದ್ಸಲ ಹಾಕಿಸ್ಕೋತಾರೆ."

"ಮತ್ತೆ ನನ್ನ ಹತ್ತಿರ ಚೆಲ್ಲುತ್ತೀವಿ ಅಂದಿರಲ್ಲ."

"ನೀವು ಫಾರ್ಮು ಹಿಡ್ಕೊಂಡು ಬಂದ್ರಿ. ಕಾರ್ಡಿಯಾಲಜಿಸ್ಟ್ ಹೆಂಡತಿ ಏನು ಹೇಳಬೇಕೋ ಅದನ್ನ ಹೇಳಿದೆ. ಒಳ್ಳೇ ಎಣ್ಣೆ, ಚೆಲ್ಲೋಕೆ ಮನಸ್ಸು ಬರಲ್ಲ ಅಂತ ಹೇಗೆ ಹೇಳೋದು? ನಾವೊಬ್ಬರೇ ಹೀಗೆ ಅಂದ್ಕೊಂಡಿದ್ದೆ."

ನಾನೂ ಹಾಗೇ ಅಂದುಕೊಂಡಿದ್ದೆ. ಟ್ರಾಯ್ ತುಂಬ ಎಲ್ಲರೂ ತಾವೊಬ್ಬರೇ ಎಂದುಕೊಂಡು ಸಿಂಕಿನ ಕೆಳಗೆ ಬಾಟಲಿ ಬಚ್ಚಿಟ್ಟಿದ್ದರು.

ಅಲ್ಲಿಂದ ಮುಂದೆ ಫಾರ್ಮನ್ನು ಚೀಲದಿಂದ ತೆಗೆಯುವುದನ್ನೇ ಬಿಟ್ಟೆ. ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತಿದ್ದೆ: ನಮ್ಮತ್ತೆ ಕರಿದೆಣ್ಣೆ ಸೋಸಿ ಇಡುತ್ತಾರೆ, ಮುಗಿಯಲು ತಿಂಗಳು ಹಿಡಿಯುತ್ತದೆ. ಆಮೇಲೆ, "ನಿಮ್ಮನೇಲಿ ಎಷ್ಟು ದಿನಕ್ಕೆ ಮುಗಿಯುತ್ತೆ?" ಎಂದು ಕೇಳುತ್ತಿದ್ದೆ. ಚೆಲ್ಲುತ್ತೀರಾ ಎಂಬ ಪ್ರಶ್ನೆಯೇ ಇಲ್ಲ. ಬಾಗಿಲು ತೆರೆದ ಹಾಗೆ ಮಾತು ಬಂತು. ಪೂರಿ ಎಣ್ಣೆ ಪಲ್ಯಕ್ಕೆ, ಹಪ್ಪಳದ ಎಣ್ಣೆ ಚಟ್ನಿಗೆ, ಕೊನೆಗೆ ತಳದಲ್ಲಿ ಉಳಿದದ್ದು ದೋಸೆ ಕಾವಲಿಗೆ. ಹುಬ್ಬಳ್ಳಿ ಕಡೆಯ ಒಬ್ಬರನ್ನು ಹಳೆಯ ಫಾರ್ಮಿನ ಪ್ರಶ್ನೆ ನೆನಪಿಸಿ ಕೇಳಿದೆ. "ಎಣ್ಣಿ ಚೆಲ್ಲೂದಂದ್ರ ಏನ್ರೀ ಅಕ್ಕಾರ? ಮಂಡಕ್ಕಿ ಒಗ್ಗರಣಿಗೆ ಏನ್ ನೀರ್ ಹಾಕೂದೇನು?" ಎಂದು ನನಗೇ ಗದರಿದರು.

ಇದರ ಅರ್ಥಶಾಸ್ತ್ರ ಬಹಳ ಸರಳ. ಹೋಟೆಲಿನವನಿಗೆ ಕರಿದೆಣ್ಣೆ ಕಸ. ಅದನ್ನು ಒಯ್ಯುವವನು ಕೊಡುವ ದರವೇ ಅದರ ಬೆಲೆ. ಮನೆಯಲ್ಲಿ ಅದರ ಬೆಲೆ, ಅದು ಉಳಿಸಿಕೊಡುವ ಹೊಸ ಎಣ್ಣೆಯ ಬೆಲೆ. ಯಾವ ಕಾರ್ಖಾನೆಯೂ ಅಷ್ಟು ಕೊಡಲಾರದು. ಎಣ್ಣೆ ದುಬಾರಿಯಾದಷ್ಟೂ ವಾಲ್ಟ್‌ಗೆ 'ಕಸ' ಹೆಚ್ಚು ಬೇಕಾಗುತ್ತದೆ, ಮನೆಯವರೂ ಅಷ್ಟೇ ಬಿಗಿಯಾಗಿ ಬಾಟಲಿ ಹಿಡಿದುಕೊಳ್ಳುತ್ತಾರೆ. ಎಣ್ಣೆ ಬೇಕಿದ್ದರೆ ಯಾರೂ ಮನೆಗೆ ಒಯ್ಯದ ಜಾಗದಲ್ಲಿ ಕೇಳಬೇಕು: ಮದುವೆ ಅಡುಗೆಯವರು, ಸಮಾರಂಭದ ಹಾಲ್‌ಗಳು, ದಾಸೋಹದ ಅಡುಗೆಮನೆ.

ಇದನ್ನು ಬರೆದುಕೊಂಡು ಡೇಲ್ ಹತ್ತಿರ ಹೋದೆ. ಅವರ ಮೇಜಿನ ಮೇಲೆ ವಾಲ್ಟ್ ಸಹಿ ಹಾಕಬೇಕಿದ್ದ ಎರಡನೇ ಹಂತದ ಒಪ್ಪಂದವಿತ್ತು. ಜನ ಡ್ರಮ್ಮಿಗೆ ತಂದು ಹಾಕದಿದ್ದರೆ ನಾವೇ ಮನೆ ಬಾಗಿಲಿಗೆ ಹೋಗಿ ಎಣ್ಣೆ ಸಂಗ್ರಹಿಸೋಣ ಎಂಬುದರ ಮೇಲೆಯೇ ಅದು ನಿಂತಿತ್ತು.

"ಸಹಿ ಆಗುವವರೆಗೆ ಇದನ್ನು ಇಟ್ಟುಕೊಂಡಿರು" ಎಂದರು.

"ನನ್ನ ಪ್ರಬಂಧ ಕೊಡಬೇಕು, ಡೇಲ್."

"ನಿನ್ನ ಕೊನೆಯ ಸೆಮಿಸ್ಟರಿನ ಫೀಸನ್ನು ಈ ಕೆಲಸದ ಲೆಕ್ಕದಿಂದಲೇ ಕೊಡಬೇಕು. ಅದು ನೆನಪಿದೆಯಾ?"

"ನೆನಪಿದೆ. ಆದರೆ ಪ್ರೊಫೆಸರ್‌ಗೆ ಒಂದು, ವಾಲ್ಟ್‌ಗೆ ಇನ್ನೊಂದು ಬರೆಯೋಕೆ ನನಗೆ ಬರೋದಿಲ್ಲ."

ಡೇಲ್ ಫೋನ್ ಎತ್ತಿ, ಸ್ಪೀಕರ್ ಹಾಕಿ, ವಾಲ್ಟ್‌ಗೆ ತಾವೇ ಹೇಳಿದರು. ನನ್ನನ್ನು ಮುಂದೆ ಮಾಡಲಿಲ್ಲ. ವಾಲ್ಟ್ ಬೈದರು, ಸಹಿ ಹಾಕಲಿಲ್ಲ, ಡ್ರಮ್ಮುಗಳನ್ನು ಅಡುಗೆಯವರ ಕಡೆಗೆ ಸಾಗಿಸಿದರು. ಅಲ್ಲಿ ಎಣ್ಣೆ ಸಿಕ್ಕಿತು. ಮುಂದೆ ಸರ್ಕಾರದ ರಿಯಾಯಿತಿ ನಿಂತಾಗ ಆ ಕಾರ್ಖಾನೆ ಕೆಲವು ಕಾಲ ಬಾಗಿಲು ಹಾಕಿತು, ಮತ್ತೆ ತೆರೆಯಿತು. ಆ ಮೂರನೆಯ ಕಲ್ಲಿಗೆ ನನ್ನ ಹತ್ತಿರವೂ ಮದ್ದಿಲ್ಲ.

ಕಚೇರಿಯ ದುಡ್ಡು ನಿಂತಿತು. ಮನೆಯಲ್ಲಿ ಒಂದಿಷ್ಟು ಕೂಡಿಟ್ಟಿದ್ದೆವು: ಫರ್ನೇಸಿನ ಹತ್ತಿರದಿಂದ ಅಡುಗೆಮನೆಗೆ ಗ್ಯಾಸ್ ಪೈಪ್ ಎಳೆಸಿ, ಒಳ್ಳೆಯ ಗ್ಯಾಸ್ ಒಲೆ, ಹೊಗೆ ಹೊರಗೆ ಹಾಕುವ ಹುಡ್ ಹಾಕಿಸಲು. ಅತ್ತೆಗಾಗಿ. ಪ್ಲಂಬರ್ ಬಂದು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದ. ನಾಗರಾಜು ಊಟದ ಹೊತ್ತಿಗೆ ನನ್ನ ಫೀಸಿನ ವಿಷಯ ತೆಗೆದರು.

"ಪ್ಲಂಬರ್‌ಗೆ ಬೇಡ ಅಂತ ಫೋನ್ ಮಾಡು" ಎಂದರು ಅತ್ತೆ.

"ಅಮ್ಮ, ನೀನು ಇನ್ನೂ ಎಷ್ಟು ದಿನ ಅಂತ ಗ್ಯಾರೇಜಲ್ಲಿ..."

"ಗ್ಯಾಸು ಎಲ್ಲಿಗೂ ಓಡಿ ಹೋಗಲ್ಲ ಕಣೋ. ಪರೀಕ್ಷೆ ಓಡಿ ಹೋಗತ್ತೆ. ಆ ಜಾಕೆಟ್ ತೋಳು ಉದ್ದ, ಎಣ್ಣೆಗೆ ತಾಗತ್ತೆ. ನನ್ನ ಅಳತೆದು ಒಂದು ತಂದ್ಕೊಡು ಸಾಕು."

ನಮ್ಮ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಬೇರೆ ಇಂಧನಕ್ಕೆ ಬದಲಾಗದಿರಲು ಕಾರಣವೇನು? ಉತ್ತರಗಳಲ್ಲಿ ಬೆಲೆ, ಪೂರೈಕೆ, ಬಾಡಿಗೆ ಮನೆ, ಇತರೆ ಎಂದು ಇರುತ್ತಿತ್ತು. ಆ ವರ್ಷ ವುಡ್‌ರಿಡ್ಜ್‌ನ ನಮ್ಮ ಮನೆಗೆ ಯಾರಾದರೂ ಬಂದು ಕೇಳಿದ್ದರೆ ನಾವು 'ಇತರೆ' ಒತ್ತಬೇಕಾಗಿತ್ತು. ಈಗ ಫೋನಿಲ್ಲ, ಫಾರ್ಮಿಲ್ಲ, ಥರ್ಮೋಸ್ಟಾಟೇ ಮಾಹಿತಿ ಕಳಿಸುತ್ತದೆ. ಮನೆ ಯಾವ ಹೊತ್ತಿಗೆ ಎಷ್ಟು ಡಿಗ್ರಿ ಬಿಸಿಯಾಯಿತು ಎಂದು ನಿಮಗೆ ಕೂತಲ್ಲೇ ತಿಳಿಯುತ್ತದೆ. ಒಳ್ಳೆಯದೇ. ಆದರೆ 'ಇತರೆ' ಎಂಬ ಮೂಲೆಯಲ್ಲಿ ಏನಿದೆ ಎಂದು ತಿಳಿಯಲು ವರ್ಷಕ್ಕೆ ಕೆಲವು ಸಲವಾದರೂ ಯಾರದಾದರೂ ಅಡುಗೆಮನೆಯಲ್ಲಿ ಕೂತು ಊಟ ಮಾಡಿ. ಕಚೇರಿ ಅದಕ್ಕೆ ಭತ್ಯೆ ಕೊಡುವುದಿಲ್ಲ.

ಪ್ರಬಂಧ ಪಾಸಾಯಿತು. ಪ್ರೊಫೆಸರ್ ಅಂಚಿನಲ್ಲಿ, "ಡ್ರಮ್ಮು ಗೆದ್ದಿತು" ಎಂದು ಬರೆದಿದ್ದರು. ಸಮಾರಂಭಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಡೇಲ್ ಕೂಡ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು, ಮುಗಿಯುವ ಮೊದಲೇ ಎದ್ದು ಹೋದರು. ವೇದಿಕೆಯ ಮೇಲೆ ನನಗೆ ಕೊಟ್ಟದ್ದು ಖಾಲಿ ರಟ್ಟಿನ ಹೊದಿಕೆ. ಒಳಗೆ ಒಂದು ಚೀಟಿ: ಸರ್ಟಿಫಿಕೇಟ್ ಅಂಚೆಯಲ್ಲಿ ಬರುತ್ತದೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇಷ್ಟು ದೂರ ಕರೆಸಿ ಡಬ್ಬಿ ಕೊಟ್ಟು ಕಳಿಸ್ತಾರಾ?" ಎಂದರು. ಅನು ನಕ್ಕು ನಕ್ಕು ಫೋಟೋ ಅಲ್ಲಾಡಿಸಿಬಿಟ್ಟಳು.

ಕೆಲವು ವಾರಗಳ ನಂತರ ದಪ್ಪ ಲಕೋಟೆ ಬಂತು. ಶನಿವಾರ ಬೆಳಿಗ್ಗೆ. ಅತ್ತೆ ಅಡುಗೆಮನೆಯ ಮೇಜಿನ ಹತ್ತಿರ ಹುರುಳಿಕಾಯಿ ಮುರಿಯುತ್ತಿದ್ದರು. ಲಕೋಟೆ ಒಡೆದು, ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೆ ಕೊಟ್ಟೆ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ.

"ಏನು ಬರ್ದಿದಾರೆ, ಓದು."

ಓದಿ, ಕನ್ನಡದಲ್ಲಿ ಹೇಳಿದೆ. ವಿಶ್ವವಿದ್ಯಾಲಯದ ಹೆಸರು, ನನ್ನ ಹೆಸರು, ಪದವಿಯ ಹೆಸರು.

"ಅಷ್ಟೇನಾ? ನಿಮ್ಮಪ್ಪನ ಹೆಸರು?"

"ಇಲ್ಲ ಅತ್ತೆ."

"ನಾಗರಾಜಂದು?"

"ಇಲ್ಲಿ ಅದೆಲ್ಲ ಹಾಕಲ್ಲ ಅತ್ತೆ. ಓದಿದವರ ಹೆಸರು ಮಾತ್ರ."

ಅವರು ಇನ್ನೊಂದು ಸಲ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿದರು, ಓದಲು ಬರುವವರ ಹಾಗೆ. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅದರ ಮೇಲೆ ಬೆರಳಿಟ್ಟರು.

"ಸರಿಯಾಗೇ ಬರ್ದಿದಾರೆ ಬಿಡು. ಪರೀಕ್ಷೆಗೆ ನಾವ್ಯಾರೂ ಕೂತಿರಲಿಲ್ವಲ್ಲ."